ಅನ್ನನಾಳಕ್ಕೆ ಸ್ಟೆಂಟ್ ಹಾಕಿಸಿದರೆ ಅಪ್ಪ ಮತ್ತೆ ಊಟ ಮಾಡಬಹುದಾ?

ಪ್ರಶ್ನೆ: ನಮ್ಮ ಅಪ್ಪನಿಗೆ 71 ವರ್ಷ. ಅನ್ನನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಲಿವರ್‌ಗೂ ಹರಡಿದೆ. ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತಿತ್ತು. ಈಗ ನೀರು, ಹಾಲು ಮಾತ್ರ ಇಳಿಯುತ್ತದೆ, ಅದೂ ನಿಧಾನವಾಗಿ. ಆಪರೇಷನ್ ಆಗುವುದಿಲ್ಲ, ಸ್ಟೆಂಟ್ ಹಾಕೋಣ ಎಂದು ಡಾಕ್ಟರ್ ಹೇಳಿದ್ದಾರೆ. ಸ್ಟೆಂಟ್ ಅಂದರೆ ಹೃದಯಕ್ಕೆ ಹಾಕುವುದು ಅಂತಷ್ಟೇ ನಮಗೆ ಗೊತ್ತಿತ್ತು. ಇದೂ ಅದೇನಾ? ಹಾಕಿಸಿದರೆ ಅಪ್ಪ ಮೊದಲಿನ ಹಾಗೆ ಊಟ ಮಾಡುತ್ತಾರಾ? ಜಾರುತ್ತದೆ, ಚುಚ್ಚುತ್ತದೆ ಅಂತೆಲ್ಲ ಕೇಳಿ ಭಯವಾಗಿದೆ. ಇನ್ನೊಂದು ವಿಷಯ. ಪರಿಚಯದವರೊಬ್ಬರಿಗೆ ದೊಡ್ಡ ಕರುಳಿಗೆ ಸ್ಟೆಂಟ್ ಹಾಕಿ, ಎರಡೇ ವಾರಕ್ಕೆ ಆಪರೇಷನ್ ಮಾಡಿದರು. ಆಪರೇಷನ್ ಮಾಡುವುದೇ ಆಗಿದ್ದರೆ ಸ್ಟೆಂಟ್ ಯಾಕೆ ಹಾಕಬೇಕಿತ್ತು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಸ್ಟೆಂಟ್ ಹಾಕೋಣ ಎಂಬ ಸಲಹೆ ಸರಿಯಾಗಿಯೇ ಇದೆ. ನೀರಷ್ಟೇ ಇಳಿಯುತ್ತಿರುವವರಿಗೆ ಕೆಲವೇ ದಿನಗಳಲ್ಲಿ ಮೆತ್ತಗಿನ ಊಟ ಇಳಿಯುವಂತೆ ಮಾಡಲು ಇದಕ್ಕಿಂತ ಬೇಗ ಆಗುವ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ಒಂದು ಮಾತು ಮನೆಯವರಿಗೆಲ್ಲ ಮೊದಲೇ ಗೊತ್ತಿರಲಿ. ಸ್ಟೆಂಟ್ ಅಂದರೆ ಜಾಲರಿಯ ಕೊಳವೆ. ಅದು ಮುಚ್ಚಿದ ದಾರಿಯನ್ನು ಬಿಡಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ. ಗಡ್ಡೆ ಇದ್ದಲ್ಲೇ ಇರುತ್ತದೆ, ಲಿವರ್‌ನಲ್ಲಿರುವುದೂ ಹಾಗೇ ಇರುತ್ತದೆ. ಸ್ಟೆಂಟ್ ಹಾಕಿದ ಮೇಲೂ ಅಪ್ಪ ಯಾಕೆ ಹುಷಾರಾಗಲಿಲ್ಲ ಎಂದು ಆಮೇಲೆ ಕೊರಗುವ ಮನೆಯವರನ್ನು ನಾನು ಬಹಳ ನೋಡಿದ್ದೇನೆ. ಅದು ಮಾಡಬೇಕಾದ ಕೆಲಸ ಒಂದೇ, ಬಾಯಿಯಿಂದ ಹೊಟ್ಟೆಗೆ ಆಹಾರ ಇಳಿಯುವಂತೆ ಮಾಡುವುದು. ಅದನ್ನು ಚೆನ್ನಾಗಿ ಮಾಡುತ್ತದೆ.

ಹೃದಯದ ಸ್ಟೆಂಟಿಗೂ ಇದಕ್ಕೂ ಹೆಸರು ಒಂದೇ, ಮಾಡುವ ಕೆಲಸದ ರೀತಿಯೂ ಒಂದೇ. ಉಳಿದದ್ದೆಲ್ಲ ಬೇರೆ. ಹೃದಯದ ರಕ್ತನಾಳಕ್ಕೆ ಹಾಕುವುದು ಸುಮಾರು 2.5 ರಿಂದ 4 ಮಿಲಿಮೀಟರ್ ಅಗಲ ಇರುತ್ತದೆ. ಒಳಗೆ ಬಲೂನ್ ಊದಿ ಅದನ್ನು ಹಿಗ್ಗಿಸುತ್ತಾರೆ. ಅನ್ನನಾಳಕ್ಕೆ ಹಾಕುವುದು ಪೂರ್ತಿ ತೆರೆದಾಗ 18 ರಿಂದ 23 ಮಿಲಿಮೀಟರ್ ಅಗಲ, ಅಂದರೆ ಹೆಚ್ಚುಕಮ್ಮಿ ಹೆಬ್ಬೆರಳಿನಷ್ಟು ದಪ್ಪ. ಇದನ್ನು ಯಾರೂ ಊದಬೇಕಾಗಿಲ್ಲ, ತಾನಾಗಿಯೇ ಅರಳುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸ ಮಾತ್ರೆಗಳದ್ದು. ಹೃದಯದ ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಳ್ಳಬೇಕು. ಇದರಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ಆ ಮಾತ್ರೆ ಬೇಡ. ಅಪ್ಪ ಬೇರೆ ಕಾರಣಕ್ಕೆ ಈಗಾಗಲೇ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ಅವರು ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ತಾನಾಗಿ ಅರಳುತ್ತದೆ ಎಂದೆನಲ್ಲ, ಅದು ಆ ಲೋಹದ ಗುಣ. ನಿಕಲ್ ಮತ್ತು ಟೈಟೇನಿಯಂ ಸೇರಿಸಿ ಮಾಡಿದ ನಿಟಿನಾಲ್ ಎಂಬ ಮಿಶ್ರಲೋಹದ ತೆಳು ತಂತಿಯನ್ನು ಬುಟ್ಟಿ ಹೆಣೆದ ಹಾಗೆ ಕೊಳವೆಯಾಗಿ ಹೆಣೆದಿರುತ್ತಾರೆ. ಅದಕ್ಕೆ ತನ್ನ ಮೂಲ ಆಕಾರದ ನೆನಪಿರುತ್ತದೆ. ಒತ್ತಿ ಸಪೂರ ಮಾಡಿ ತೂರಿಸಬಹುದು. ಒತ್ತಡ ಬಿಟ್ಟ ಕೂಡಲೇ ಮೈಯ ಬಿಸಿಗೆ ತನ್ನ ಅಗಲಕ್ಕೆ ಮರಳಲು ಹೊರಡುತ್ತದೆ. ಆದರೆ ಸುತ್ತಲೂ ಗಟ್ಟಿ ಗಡ್ಡೆ ಇರುತ್ತದಲ್ಲ, ಅದನ್ನು ತಳ್ಳಿಕೊಂಡೇ ಅರಳಬೇಕು. ಹಾಗಾಗಿ ಪೂರ್ತಿ ತೆರೆದುಕೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಹಾಕಿದ ದಿನವೇ ಎಲ್ಲ ಸರಿಹೋಗಲಿಲ್ಲ ಎಂದು ಗಾಬರಿಯಾಗುವುದು ಬೇಡ. ಅಪ್ಪನಿಗೆ ನಿಕಲ್ ಅಲರ್ಜಿ ಇದ್ದರೆ ಅದನ್ನೂ ಹೇಳಿಬಿಡಿ.

ಲೋಹದ ಸ್ಟೆಂಟ್ ಬರುವ ಮುಂಚೆ ಗಡುಸಾದ ಪ್ಲಾಸ್ಟಿಕ್ ಕೊಳವೆ ಹಾಕುತ್ತಿದ್ದರು. ಅದರ ಅಗಲ ಬದಲಾಗುವುದಿಲ್ಲ. ಅಷ್ಟು ದಪ್ಪದ ಕೊಳವೆ ಹೋಗಬೇಕಾದರೆ ದಾರಿಯನ್ನೇ ಮೊದಲು ಬಲವಾಗಿ ಹಿಗ್ಗಿಸಬೇಕಿತ್ತು. ಆಗ ಅನ್ನನಾಳ ಹರಿದು ತೂತಾಗುತ್ತಿತ್ತು. 1993 ರಲ್ಲಿ ಜರ್ಮನಿಯ ವೈದ್ಯರು ಎರಡನ್ನೂ ಹೋಲಿಸಿ ಅಧ್ಯಯನ ಪ್ರಕಟಿಸಿದರು. ನುಂಗಲು ಎರಡರಿಂದಲೂ ಅನುಕೂಲ ಆಗಿತ್ತು, ಆದರೆ ಲೋಹದ ಸ್ಟೆಂಟ್ ಹಾಕಿದವರಲ್ಲಿ ತೊಂದರೆಗಳು ಎಷ್ಟೋ ಕಡಿಮೆ. ಆಮೇಲೆ ಗಡುಸು ಕೊಳವೆಗಳು ಮೂಲೆ ಸೇರಿದವು. ಚುಚ್ಚುತ್ತದೆ, ತೂತಾಗುತ್ತದೆ ಎಂಬ ಹಳೆಯ ಮಾತುಗಳಲ್ಲಿ ಒಂದಷ್ಟು ಆ ಕಾಲದವು.

ಈಗ ನೀವು ಡಾಕ್ಟರನ್ನು ಕೇಳಲೇಬೇಕಾದ ಒಂದು ವಿಷಯ. ಸ್ಟೆಂಟ್‌ಗಳಲ್ಲಿ ಹೊದಿಕೆ ಇರುವುದು, ಇಲ್ಲದ್ದು ಎಂದು ಎರಡು ಬಗೆ. ಬರೀ ಜಾಲರಿ ಹಾಕಿದರೆ ಅದರ ತಂತಿಗಳು ಗೋಡೆಗೆ ಕಚ್ಚಿಕೊಂಡು ಭದ್ರವಾಗಿ ಕೂರುತ್ತವೆ, ಜಾರುವುದು ಕಡಿಮೆ. ಆದರೆ ಜಾಲರಿಯ ಕಿಂಡಿಗಳಿಂದ ಗಡ್ಡೆ ಒಳಕ್ಕೆ ಬೆಳೆದು ಮತ್ತೆ ದಾರಿ ಮುಚ್ಚುತ್ತದೆ. ಅದಕ್ಕೆ ಸಿಲಿಕೋನ್ ಅಥವಾ ಅಂಥ ಪೊರೆಯ ಹೊದಿಕೆ ಕೊಟ್ಟರೆ ಗಡ್ಡೆ ಒಳಗೆ ಬರುವುದಿಲ್ಲ. ಆದರೆ ನುಣುಪಾದ ಹೊದಿಕೆ ಗೋಡೆಗೆ ಕಚ್ಚಿಕೊಳ್ಳುವುದಿಲ್ಲ, ಜಾರುವ ಸಾಧ್ಯತೆ ಜಾಸ್ತಿ. ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಬರುತ್ತದೆ. ಇದಕ್ಕೆ ಇನ್ನೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಅನ್ನನಾಳದ ಕ್ಯಾನ್ಸರಿಗೆ ಸಾಮಾನ್ಯವಾಗಿ ಹೊದಿಕೆ ಇರುವುದನ್ನೇ ಹಾಕುತ್ತಾರೆ. ಅದರಲ್ಲೂ ನಡುಭಾಗಕ್ಕೆ ಹೊದಿಕೆ, ಎರಡು ತುದಿಗಳಲ್ಲಿ ಬರೀ ಜಾಲರಿ ಇರುವಂಥದ್ದು ಬರುತ್ತದೆ. ತುದಿಗಳು ಹಿಡಿದುಕೊಳ್ಳುತ್ತವೆ, ನಡುಭಾಗ ಗಡ್ಡೆಯನ್ನು ತಡೆಯುತ್ತದೆ. ಮುಂದೆ ಎಂದಾದರೂ ತೆಗೆಯಬೇಕಾಗಬಹುದು ಅನಿಸಿದರೆ ಪೂರ್ತಿ ಹೊದಿಕೆ ಇರುವುದನ್ನು ಆರಿಸುತ್ತಾರೆ.

ನೀರು ಕುಡಿದಾಗಲೆಲ್ಲ ಅಪ್ಪನಿಗೆ ಕೆಮ್ಮು ಬರುತ್ತದಾ? ಇದನ್ನು ಗಮನಿಸಿ ಹೇಳಿ. ಗಡ್ಡೆ ಕೊರೆದು ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿದ್ದರೆ ಕುಡಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಅನ್ನನಾಳದ ಕೆಳಭಾಗದ ಗಡ್ಡೆಯಲ್ಲಿ ಇದು ಕಡಿಮೆ, ಮೇಲಿನ ಮತ್ತು ನಡುಭಾಗದ ಗಡ್ಡೆಗಳಲ್ಲಿ ಜಾಸ್ತಿ. ಅಂಥವರಿಗೆ ಹೊದಿಕೆ ಇರುವ ಸ್ಟೆಂಟ್ ಆ ತೂತನ್ನೂ ಮುಚ್ಚುತ್ತದೆ. ನುಂಗಲು ಅಷ್ಟೇನೂ ಕಷ್ಟವಿಲ್ಲದಿದ್ದರೂ ಆಗ ಸ್ಟೆಂಟ್ ಬೇಕಾಗುತ್ತದೆ.

ಹಾಕುವ ದಿನ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ ಇರಬೇಕು. ಅನ್ನನಾಳ ಕಟ್ಟಿಕೊಂಡಿರುವವರಲ್ಲಿ ಗಡ್ಡೆಯ ಮೇಲ್ಭಾಗದಲ್ಲಿ ಜೊಲ್ಲು, ಹಾಲು ನಿಂತಿರುತ್ತದೆ, ಹಾಗಾಗಿ ಎಷ್ಟು ಗಂಟೆ ಏನೂ ಕೊಡಬಾರದು ಎಂದು ಡಾಕ್ಟರ್ ಹೇಳಿದ್ದನ್ನು ಕಟ್ಟುನಿಟ್ಟಾಗಿ ಪಾಲಿಸಿ. ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು ಎಡಮಗ್ಗುಲಾಗಿ ಮಲಗಿಸುತ್ತಾರೆ. ಬಾಯಿಯ ಮೂಲಕ ಎಂಡೋಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆ ಇಳಿಸಿ ಗಡ್ಡೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ನೋಡುತ್ತಾರೆ. ಎಂಡೋಸ್ಕೋಪ್ ದಾಟಲಾಗದಷ್ಟು ಇಕ್ಕಟ್ಟಾಗಿದ್ದರೆ ಎಕ್ಸ್‌ರೇ ನೋಡಿಕೊಂಡು ಒಂದು ಮಿಲಿಮೀಟರಿಗಿಂತ ಸಪೂರವಾದ ಮೆತ್ತನೆ ತುದಿಯ ತಂತಿಯೊಂದನ್ನು ಆ ಸಂದಿಯಿಂದ ಹೊಟ್ಟೆಯವರೆಗೆ ದಾಟಿಸುತ್ತಾರೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ. ತಂತಿ ದಾಟಿತು ಅಂದರೆ ಮುಕ್ಕಾಲು ಕೆಲಸ ಆದ ಹಾಗೆ.

ಆಮೇಲೆ ಅದೇ ತಂತಿಯ ಮೇಲೆ, ಮಡಚಿ ತುಂಬಿದ ಸ್ಟೆಂಟ್ ಇರುವ ತೆಳು ಕೊಳವೆಯನ್ನು ಜಾರಿಸಿ ಗಡ್ಡೆಯ ಜಾಗಕ್ಕೆ ತರುತ್ತಾರೆ. ಸ್ಟೆಂಟಿನ ಉದ್ದ ಗಡ್ಡೆಗಿಂತ ಸುಮಾರು 4 ಸೆಂಟಿಮೀಟರ್ ಜಾಸ್ತಿ ಇರಬೇಕು, ಮೇಲೆ 2 ಕೆಳಗೆ 2. ಹೊರಗಿನ ಕವಚವನ್ನು ನಿಧಾನವಾಗಿ ಹಿಂದಕ್ಕೆ ಎಳೆದ ಹಾಗೆಲ್ಲ ಸ್ಟೆಂಟ್ ಕೆಳತುದಿಯಿಂದ ಅರಳುತ್ತಾ ಬರುತ್ತದೆ. ಹೆಣೆದ ಸ್ಟೆಂಟ್ ಅಗಲವಾಗುತ್ತಾ ಉದ್ದದಲ್ಲಿ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಬಿಡಬೇಕು, ಇಲ್ಲದಿದ್ದರೆ ಒಂದು ತುದಿ ಗಡ್ಡೆಯೊಳಗೇ ಉಳಿದುಬಿಡುತ್ತದೆ. ಕೊನೆಗೆ ಎಕ್ಸ್‌ರೇಯಲ್ಲಿ ನೋಡಿದರೆ ಎರಡು ತುದಿ ಅಗಲವಾಗಿ, ನಡುವೆ ಸೊಂಟ ಹಿಡಿದಂತೆ ಕಾಣುತ್ತದೆ. ಆ ಸೊಂಟ ಗಡ್ಡೆಯ ಜಾಗ. ಸೊಂಟ ನಡುಮಧ್ಯಕ್ಕೆ ಬಂದಿದ್ದರೆ ಸ್ಟೆಂಟ್ ಸರಿಯಾಗಿ ಕೂತಿದೆ ಎಂದರ್ಥ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಷ್ಟೂ ಮುಗಿಯುತ್ತದೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ.

ನೋವು ಆಗುತ್ತದೆ. ಈ ಮಾತನ್ನು ತುಂಬಾ ಜನ ಮೊದಲೇ ಹೇಳುವುದಿಲ್ಲ, ಆಮೇಲೆ ಮನೆಯವರು ಹೆದರುತ್ತಾರೆ. ಸ್ಟೆಂಟ್ ಅರಳುತ್ತಾ ಗಡ್ಡೆಯನ್ನು ತಳ್ಳುವಾಗ ಎದೆಯ ನಡುವೆ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗುತ್ತದೆ. ಮೊದಲ ಎರಡು ಮೂರು ದಿನ ಜಾಸ್ತಿ, ಆಮೇಲೆ ಇಳಿಯುತ್ತದೆ. ಅದಕ್ಕೆ ನೋವಿನ ಔಷಧಿ ಮೊದಲೇ ಬರೆಸಿಕೊಳ್ಳಿ, ದ್ರವರೂಪದಲ್ಲಿದ್ದರೆ ಇನ್ನೂ ಒಳ್ಳೆಯದು. ನೋವು ಸಹಿಸಿಕೊಳ್ಳಬೇಕಾದ ಅಗತ್ಯ ಏನೂ ಇಲ್ಲ. ಆದರೆ ಇದ್ದಕ್ಕಿದ್ದಂತೆ ತೀವ್ರ ಎದೆನೋವು, ಜ್ವರ, ಉಸಿರಾಟದ ಕಷ್ಟ, ಕುತ್ತಿಗೆ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಅನ್ನನಾಳ ಹರಿದಿರಬಹುದು. ಅಪರೂಪ, ಆದರೆ ತಡಮಾಡುವ ಹಾಗಿಲ್ಲ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಆಗಲೂ ಅಷ್ಟೇ, ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಊಟ. ಮೊದಲಿನ ಹಾಗೆ ಊಟ ಮಾಡುತ್ತಾರಾ ಎಂದರೆ, ಇಲ್ಲ. ಚೆನ್ನಾಗಿ ಊಟ ಮಾಡುತ್ತಾರಾ ಎಂದರೆ, ಬಹುಮಟ್ಟಿಗೆ ಹೌದು. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಆರೋಗ್ಯವಾಗಿರುವ ಅನ್ನನಾಳ ಸುಮ್ನೆ ಒಂದು ಕೊಳವೆ ಅಲ್ಲ, ಅಲೆ ಅಲೆಯಾಗಿ ಹಿಂಡಿ ತುತ್ತನ್ನು ಕೆಳಕ್ಕೆ ತಳ್ಳುತ್ತದೆ. ಸ್ಟೆಂಟ್ ಕೂತ ಜಾಗದಲ್ಲಿ ಆ ಹಿಂಡುವ ಕೆಲಸ ನಡೆಯುವುದಿಲ್ಲ. ಅಲ್ಲಿ ತುತ್ತು ತನ್ನ ಭಾರಕ್ಕೆ, ಹಿಂದಿನಿಂದ ಬರುವ ನೀರಿನ ಒತ್ತಡಕ್ಕೆ ಇಳಿಯಬೇಕು. ಇದೊಂದು ತಲೆಯಲ್ಲಿದ್ದರೆ ಊಟದ ನಿಯಮಗಳನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ನೆಟ್ಟಗೆ ಕೂತೇ ತಿನ್ನಬೇಕು. ತುತ್ತು ಚಿಕ್ಕದಿರಬೇಕು. ನುಣ್ಣಗಾಗುವವರೆಗೆ ಅಗಿಯಬೇಕು. ಹಲ್ಲಿನ ಸೆಟ್ ಸಡಿಲವಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇದು ಸಣ್ಣ ವಿಷಯ ಅನಿಸಬಹುದು, ಆದರೆ ಸ್ಟೆಂಟ್ ಕಟ್ಟಿಕೊಂಡು ಬರುವವರಲ್ಲಿ ಸರಿಯಾಗಿ ಅಗಿಯಲಾಗದವರು ಎಷ್ಟೋ ಜನ. ನಡುನಡುವೆ ಗುಟುಕು ನೀರು. ಊಟ ಆದ ಮೇಲೆ ಒಂದು ಲೋಟ ನೀರು ಅಥವಾ ಸೋಡಾ ಕುಡಿದರೆ ಜಾಲರಿಗೆ ಅಂಟಿಕೊಂಡ ಚೂರುಪಾರು ತೊಳೆದುಹೋಗುತ್ತದೆ.

ಮೊದಲ ದಿನ ಬರೀ ದ್ರವ ಕೊಡಿ. ಅದು ಸಲೀಸಾಗಿ ಇಳಿದರೆ ಮರುದಿನದಿಂದ ಗಂಜಿಯ ಹದದ್ದು, ಆಮೇಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗೆ ಬೆಂದದ್ದು. ಬ್ರೆಡ್ಡು, ಮಾಂಸದ ತುಂಡು, ನಾರು ಜಾಸ್ತಿ ಇರುವ ತರಕಾರಿ, ಹಣ್ಣಿನ ಸಿಪ್ಪೆ, ಬೀಜಗಳು ಬೇಡ. ಬ್ರೆಡ್ಡು ಮೆತ್ತಗಿದೆಯಲ್ಲ ಎಂದು ಕೊಡುತ್ತಾರೆ, ಆದರೆ ಅದು ಜೊಲ್ಲಿಗೆ ನೆನೆದು ಉಂಡೆಯಾಗಿ ಸಿಕ್ಕಿಕೊಳ್ಳುತ್ತದೆ. ಸ್ಟೆಂಟ್ ಹಾಕಿದ ಸಂತೋಷಕ್ಕೆ ಮೊದಲ ದಿನವೇ ಇಷ್ಟದ್ದೆಲ್ಲ ತಿನ್ನಿಸಲು ಹೋಗಬೇಡಿ. ಇನ್ನೂ ಒಂದು ಕಾರಣ ಇದೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಜಾಸ್ತಿ ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಪ್ಪ ಬಹಳ ಸೊರಗಿದ್ದರೆ ಆಹಾರ ಎಷ್ಟೆಷ್ಟು ಏರಿಸಬೇಕು ಎಂದು ಡಯಟಿಷಿಯನ್ ಹತ್ತಿರ ಕೇಳಿಕೊಂಡೇ ಮನೆಗೆ ಬನ್ನಿ. ದಿನಕ್ಕೆ ಮೂರು ಹೊತ್ತು ಹೊಟ್ಟೆತುಂಬ ಅನ್ನುವುದಕ್ಕಿಂತ ಆರು ಸಲ ಸ್ವಲ್ಪ ಸ್ವಲ್ಪ ಒಳ್ಳೆಯದು.

ಮಾತ್ರೆಗಳ ವಿಷಯದಲ್ಲೂ ಎಚ್ಚರ. ದೊಡ್ಡ ಮಾತ್ರೆ ಸ್ಟೆಂಟಿನಲ್ಲಿ ನಿಲ್ಲಬಹುದು. ಹಾಗಂತ ಎಲ್ಲವನ್ನೂ ಪುಡಿಮಾಡಿ ಕೊಡುವಂತಿಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಇಳಿಯುತ್ತದೆ. ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ ಫಾರ್ಮಸಿಸ್ಟ್ ಹತ್ತಿರ ಒಂದೊಂದಾಗಿ ಕೇಳಿ.

ನಿಮ್ಮ ಅಪ್ಪನ ಗಡ್ಡೆ ಕೆಳಭಾಗದಲ್ಲಿದೆ ಎಂದಿರಿ. ಸ್ಟೆಂಟ್ ಹೊಟ್ಟೆಯ ಬಾಗಿಲನ್ನು ದಾಟಿ ಕೂರುವುದಾದರೆ ಇನ್ನೊಂದು ತೊಂದರೆಗೆ ತಯಾರಿರಿ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಬಿಗಿಯಾದ ಸ್ನಾಯು ಇರುತ್ತದೆ, ಹೊಟ್ಟೆಯ ಆಮ್ಲ ಮೇಲಕ್ಕೆ ಬರದಂತೆ ಅದು ತಡೆಯುತ್ತದೆ. ಸ್ಟೆಂಟ್ ಆ ಬಾಗಿಲನ್ನು ಸದಾ ತೆರೆದಿಡುತ್ತದೆ. ಎದೆಯುರಿ, ಹುಳಿತೇಗು, ಮಲಗಿದಾಗ ತಿಂದದ್ದು ಬಾಯಿಗೆ ಬರುವುದು, ಇವೆಲ್ಲ ಆಗಬಹುದು. ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ದಿನಾ ಕೊಡುತ್ತಾರೆ, ಬಿಡದೆ ತೆಗೆದುಕೊಳ್ಳಲಿ. ಮಂಚದ ತಲೆಯ ಕಡೆಯನ್ನು ಎತ್ತರಿಸಿ. ದಿಂಬು ಜಾಸ್ತಿ ಇಟ್ಟರೆ ಕುತ್ತಿಗೆ ಬಗ್ಗುತ್ತದೆಯೇ ಹೊರತು ಎದೆ ಎತ್ತರಕ್ಕೆ ಬರುವುದಿಲ್ಲ, ಮಂಚವನ್ನೇ ಎತ್ತರಿಸಬೇಕು. ಉಂಡ ಕೂಡಲೇ ಮಲಗಬಾರದು, ಒಂದೆರಡು ಗಂಟೆ ಕೂತಿರಲಿ.

ಜಾರುವುದು ನಿಜ. ಹೊಟ್ಟೆಯ ಬಾಗಿಲ ಬಳಿ ಹಾಕಿದ್ದರಲ್ಲಿ ಜಾಸ್ತಿ, ಯಾಕೆಂದರೆ ಕೆಳತುದಿ ಯಾವ ಗೋಡೆಯನ್ನೂ ಹಿಡಿಯದೆ ಹೊಟ್ಟೆಯೊಳಗೆ ತೂಗಾಡುತ್ತಿರುತ್ತದೆ. ಕೀಮೋದಿಂದ ಗಡ್ಡೆ ಕರಗಿ ಹಿಡಿತ ತಪ್ಪಿದಾಗಲೂ ಜಾರುತ್ತದೆ. ಇಳಿಯುತ್ತಿದ್ದ ಊಟ ಒಮ್ಮೆಲೇ ನಿಂತುಹೋದರೆ, ಮೇಲುಹೊಟ್ಟೆ ನೋವು ಶುರುವಾದರೆ ಒಂದು ಎಕ್ಸ್‌ರೇ ಸಾಕು, ಸ್ಟೆಂಟ್ ಎಲ್ಲಿದೆ ಎಂದು ಕಾಣುತ್ತದೆ. ಸ್ವಲ್ಪ ಸರಿದಿದ್ದರೆ ಎಂಡೋಸ್ಕೋಪಿಯಲ್ಲಿ ಎಳೆದು ಕೂರಿಸಬಹುದು. ಪೂರ್ತಿ ಹೊಟ್ಟೆಗೆ ಬಿದ್ದಿದ್ದರೆ ಸಾಮಾನ್ಯವಾಗಿ ತೆಗೆದು ಬೇರೆಯದನ್ನು ಹಾಕುತ್ತಾರೆ. ಜಾರಿದ ಸ್ಟೆಂಟ್ ಕರುಳಿಗೆ ಇಳಿದು ಅಲ್ಲಿ ಕಟ್ಟಿಕೊಳ್ಳುವುದೂ ಉಂಟು, ಆದರೆ ಬಹಳ ಅಪರೂಪ.

ಊಟ ಸಿಕ್ಕಿಕೊಂಡರೆ ಏನು ಮಾಡಬೇಕು? ತಿನ್ನುವುದನ್ನು ನಿಲ್ಲಿಸಿ. ಇನ್ನೊಂದು ತುತ್ತು ತಿಂದು ಮೊದಲನೆಯದನ್ನು ತಳ್ಳುವ ಪ್ರಯತ್ನ ಬೇಡವೇ ಬೇಡ. ಎದ್ದು ನಿಂತು, ಗುಟುಕು ಗುಟುಕಾಗಿ ಸೋಡಾ ಅಥವಾ ಬೆಚ್ಚಗಿನ ನೀರು ಕುಡಿದು, ಸ್ವಲ್ಪ ಓಡಾಡಲಿ. ಎಷ್ಟೋ ಸಲ ಇಷ್ಟಕ್ಕೇ ಇಳಿದುಹೋಗುತ್ತದೆ. ಕೆಲವು ಗಂಟೆಯಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ, ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಜೊಲ್ಲು ಕೂಡ ಇಳಿಯದಿದ್ದರೆ ಮಾತ್ರ ಆ ಕೆಲವು ಗಂಟೆಯೂ ಕಾಯಬೇಡಿ, ಕೂಡಲೇ ಹೊರಡಿ.

ಬೇರೆ ದಾರಿ ಇಲ್ಲವಾ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಇದೆ. ಅನ್ನನಾಳದ ಒಳಗಿನಿಂದಲೇ ಗಡ್ಡೆಗೆ ರೇಡಿಯೇಷನ್ ಕೊಡುವ ಬ್ರಾಕಿಥೆರಪಿ ಎಂಬ ವಿಧಾನ ಇದೆ. 2004 ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು 209 ರೋಗಿಗಳಲ್ಲಿ ಸ್ಟೆಂಟ್ ಮತ್ತು ಒಂದೇ ಸಲದ ಬ್ರಾಕಿಥೆರಪಿಯನ್ನು ಹೋಲಿಸಿದರು. ಮೊದಲ ದಿನಗಳಲ್ಲಿ ಸ್ಟೆಂಟ್ ಮುಂದಿತ್ತು. ತಿಂಗಳುಗಳು ಕಳೆದ ಹಾಗೆ ಬ್ರಾಕಿಥೆರಪಿ ಆದವರೇ ಚೆನ್ನಾಗಿ ನುಂಗುತ್ತಿದ್ದರು, ತೊಂದರೆಗಳೂ ಅವರಲ್ಲಿ ಕಡಿಮೆ. ಅಂದರೆ ಇನ್ನೂ ಒಂದಷ್ಟು ತಿಂಗಳು ಚೆನ್ನಾಗಿರುತ್ತಾರೆ ಎಂಬ ನಿರೀಕ್ಷೆ ಇದ್ದು, ಈಗಲೂ ಮೆತ್ತಗಿನ ಊಟ ಇಳಿಯುತ್ತಿದ್ದರೆ ಬ್ರಾಕಿಥೆರಪಿ ಒಳ್ಳೆಯ ಆಯ್ಕೆ. ಆದರೆ ಅದರ ಅನುಕೂಲ ಕಾಣಲು ವಾರಗಳು ಬೇಕು. ನೀರಷ್ಟೇ ಇಳಿಯುತ್ತಿರುವ ನಿಮ್ಮ ಅಪ್ಪನಿಗೆ ಅಷ್ಟು ಕಾಯುವ ಸ್ಥಿತಿ ಇಲ್ಲ ಎಂದು ನನಗನಿಸುತ್ತದೆ. ಇದು ಎಲ್ಲ ಕಡೆ ಸಿಗುವ ಚಿಕಿತ್ಸೆಯೂ ಅಲ್ಲ.

ಸ್ಟೆಂಟ್ ಹಾಕಿ ಮೇಲಿಂದ ರೇಡಿಯೇಷನ್ನೂ ಕೊಟ್ಟರೆ ಇನ್ನೂ ಒಳ್ಳೆಯದಾಗಬಹುದಲ್ಲ ಎಂಬ ಯೋಚನೆ ಬಹಳ ಕಾಲ ಇತ್ತು. 2021 ರಲ್ಲಿ ಪ್ರಕಟವಾದ ಬ್ರಿಟನ್ನಿನ ಆರ್‌ಒಸಿಎಸ್ ಅಧ್ಯಯನದಲ್ಲಿ ಹಾಗಾಗಲಿಲ್ಲ. ನುಂಗುವ ತೊಂದರೆ ಮರುಕಳಿಸುವುದು ರೇಡಿಯೇಷನ್‌ನಿಂದ ಕಡಿಮೆಯಾಗಲಿಲ್ಲ. ಗಡ್ಡೆಯಿಂದ ರಕ್ತ ಹೋಗುವ ಅಪಾಯ ಜಾಸ್ತಿ ಇರುವವರಿಗೆ ಮಾತ್ರ ಉಪಯೋಗ ಆಗಬಹುದು ಎಂದು ಕಂಡಿತು. ಹಾಗಾಗಿ ಎಲ್ಲರಿಗೂ ಕೊಡಬೇಕಾಗಿಲ್ಲ. ಕೀಮೋ ವಿಷಯ ಬೇರೆ. ಅಪ್ಪನಿಗೆ ಕೀಮೋ ಕೊಡುವ ಆಲೋಚನೆ ಇದ್ದರೆ ಸ್ಟೆಂಟ್ ಹಾಕುವ ಮುಂಚೆ ಕ್ಯಾನ್ಸರ್ ಡಾಕ್ಟರ್ ಮತ್ತು ಎಂಡೋಸ್ಕೋಪಿ ಡಾಕ್ಟರ್ ಇಬ್ಬರೂ ಒಮ್ಮೆ ಮಾತಾಡಿಕೊಳ್ಳಲಿ.

ಈಗ ನಿಮ್ಮ ಪರಿಚಯದವರ ದೊಡ್ಡ ಕರುಳಿನ ವಿಷಯ. ಅಲ್ಲಿ ಸ್ಟೆಂಟ್ ಹಾಕಿದ ಉದ್ದೇಶವೇ ಬೇರೆ. ಕ್ಯಾನ್ಸರ್ ಗಡ್ಡೆಯಿಂದ ದೊಡ್ಡ ಕರುಳು ಪೂರ್ತಿ ಕಟ್ಟಿಕೊಂಡರೆ ಮಲ, ಗಾಳಿ ಯಾವುದೂ ಹೊರಗೆ ಹೋಗುವುದಿಲ್ಲ. ಹೊಟ್ಟೆ ಬಿಗಿದು ಊದಿಕೊಳ್ಳುತ್ತದೆ, ವಾಂತಿ ಶುರುವಾಗುತ್ತದೆ, ಹಾಗೇ ಬಿಟ್ಟರೆ ಕರುಳು ಒಡೆಯುತ್ತದೆ. ಆ ಹೊತ್ತಿನಲ್ಲಿ ತುರ್ತು ಆಪರೇಷನ್ ಮಾಡಿದರೆ ಅಪಾಯ ಜಾಸ್ತಿ. ರೋಗಿಯ ಮೈಯಲ್ಲಿ ನೀರಿಲ್ಲ, ಉಪ್ಪಿನಂಶಗಳು ಏರುಪೇರಾಗಿರುತ್ತವೆ, ಕರುಳು ಮಲದಿಂದ ತುಂಬಿ ಊದಿರುತ್ತದೆ. ಅಂಥ ಕರುಳಿನ ತುದಿಗಳನ್ನು ಸೇರಿಸಿ ಹೊಲಿಯಲು ಸರ್ಜನ್‌ಗಳು ಹಿಂಜರಿಯುತ್ತಾರೆ. ಎಷ್ಟೋ ಸಲ ಹೊಟ್ಟೆಯ ಮೇಲೆ ಮಲ ಹೋಗುವ ದಾರಿ ಮಾಡಿ, ಚೀಲ ಕಟ್ಟಬೇಕಾಗುತ್ತದೆ. ಸ್ಟೆಂಟ್ ಹಾಕಿ ಕಟ್ಟಿಕೊಂಡಿದ್ದನ್ನು ಬಿಡಿಸಿದರೆ ಒಂದೆರಡು ವಾರ ಸಿಗುತ್ತದೆ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ, ಕರುಳಿನ ಊತ ಇಳಿಯುತ್ತದೆ, ಸ್ಕ್ಯಾನ್ ಮಾಡಿ ರೋಗ ಎಲ್ಲೆಲ್ಲಿದೆ ಎಂದು ನೋಡಬಹುದು. ಆಮೇಲೆ ನಿಧಾನವಾಗಿ, ಪೂರ್ವತಯಾರಿಯಿಂದ ಆಪರೇಷನ್ ಮಾಡಿ ಗಡ್ಡೆಯನ್ನೂ ಸ್ಟೆಂಟನ್ನೂ ಒಟ್ಟಿಗೇ ತೆಗೆದುಬಿಡುತ್ತಾರೆ. ನಿಮ್ಮ ಪರಿಚಯದವರಿಗೆ ಆಗಿದ್ದು ಇದೇ ಇರಬೇಕು. 245 ರೋಗಿಗಳಲ್ಲಿ ನಡೆದ ಬ್ರಿಟನ್ನಿನ ಸಿಆರ್‌ಇಎಸ್‌ಟಿ ಅಧ್ಯಯನದಲ್ಲಿ ಸ್ಟೆಂಟ್ ಹಾಕಿದವರಿಗೆ ಚೀಲದ ಅಗತ್ಯ ಕಡಿಮೆ ಬಿತ್ತು.

ಹಾಗಂತ ಅದು ಎಲ್ಲರಿಗೂ ಆಗುವಂಥದ್ದಲ್ಲ. ಇನ್ನೂ ವಾಸಿ ಮಾಡಬಹುದಾದ ಹಂತದಲ್ಲಿರುವ ಕ್ಯಾನ್ಸರಿನಲ್ಲಿ ಸ್ಟೆಂಟ್ ಹಾಕುವಾಗ ಕರುಳು ತೂತಾದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಹರಡುವ ಭಯ ಇದೆ. ಅದಕ್ಕೇ ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ ಮಾರ್ಗಸೂಚಿ, ಕಟ್ಟಿಕೊಂಡ ಲಕ್ಷಣ ಇಲ್ಲದವರಿಗೆ ಮುಂಜಾಗ್ರತೆಗೆಂದು ಸ್ಟೆಂಟ್ ಹಾಕಬೇಡಿ ಎನ್ನುತ್ತದೆ. ಬೆವಾಸಿಝುಮ್ಯಾಬ್‌ನಂಥ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಿ ನಡೆಯುತ್ತಿರುವಾಗಲೂ ಬೇಡ, ಕರುಳು ತೂತಾಗುವ ಸಾಧ್ಯತೆ ಏರುತ್ತದೆ. ಗುದದ್ವಾರಕ್ಕೆ ತೀರಾ ಹತ್ತಿರ ಹಾಕಿದರೆ ಸದಾ ಮಲಕ್ಕೆ ಬಂದಂತೆ ಅನಿಸುತ್ತಾ ಹಿಂಸೆಯಾಗುತ್ತದೆ.

ಹೊಟ್ಟೆಯ ಕೆಳಬಾಗಿಲು ಅಥವಾ ಸಣ್ಣ ಕರುಳಿನ ಮೊದಲ ಭಾಗ ಮುಚ್ಚಿಕೊಂಡವರಿಗೂ ಸ್ಟೆಂಟ್ ಹಾಕುತ್ತಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹೀಗೆ ಆಗುತ್ತದೆ, ಹಿಂದಿನ ದಿನ ತಿಂದದ್ದು ಹಾಗೇ ವಾಂತಿಯಾಗಿ ಬರುತ್ತದೆ. ಅಲ್ಲಿ ಬಹಳ ಸಲ ಹೊದಿಕೆ ಇಲ್ಲದ ಜಾಲರಿಯನ್ನೇ ಆರಿಸುತ್ತಾರೆ. ಪಿತ್ತನಾಳದ ಬಾಯಿ ಅಲ್ಲೇ ತೆರೆದುಕೊಳ್ಳುತ್ತದೆ, ಹೊದಿಕೆ ಅದನ್ನು ಮುಚ್ಚಿಬಿಡಬಹುದು. ಸ್ಟೆಂಟ್ ಹಾಕಿದರೆ ಬೇಗ ಊಟ ಶುರುವಾಗುತ್ತದೆ. ಹೊಟ್ಟೆಯನ್ನು ಮುಂದಿನ ಕರುಳಿಗೆ ಜೋಡಿಸುವ ಆಪರೇಷನ್‌ನಿಂದ ನಿಧಾನವಾಗಿ ಶುರುವಾದರೂ ಜಾಸ್ತಿ ಕಾಲ ಬಾಳಿಕೆ ಬರುತ್ತದೆ. ಪಿತ್ತನಾಳದ ಸ್ಟೆಂಟ್ ಕಾಮಾಲೆ ಇಳಿಸಲು ಹಾಕುವಂಥದ್ದು, ಅದರ ಕಥೆಯೇ ಬೇರೆ. ಇನ್ನು ಹೊಟ್ಟೆಯ ಪೊರೆಗೆಲ್ಲ ರೋಗ ಹರಡಿ ಸಣ್ಣ ಕರುಳು ನಾಲ್ಕಾರು ಕಡೆ ಕಟ್ಟಿಕೊಂಡಿದ್ದರೆ ಒಂದು ಕಡೆ ಸ್ಟೆಂಟ್ ಹಾಕಿ ಪ್ರಯೋಜನವಿಲ್ಲ, ಮುಂದಿನ ತಿರುವಿನಲ್ಲಿ ಮತ್ತೆ ನಿಲ್ಲುತ್ತದೆ. ಅಂಥವರಿಗೆ ವಾಂತಿ, ನೋವು ತಗ್ಗಿಸುವ ಔಷಧಿಗಳೇ ಸರಿ.

ಕ್ಯಾನ್ಸರ್ ಅಲ್ಲದ ಕಾರಣಕ್ಕೆ, ಅಂದರೆ ಆಮ್ಲದಿಂದ ಅಥವಾ ಹಳೆಯ ಗಾಯದಿಂದ ಅನ್ನನಾಳ ಕಿರಿದಾಗಿದ್ದರೆ, ಈ ಉತ್ತರವನ್ನು ಓದಿ ಯಾರೂ ಸ್ಟೆಂಟ್ ಕೇಳಲು ಹೋಗಬೇಡಿ. ಅಲ್ಲಿ ಬಲೂನಿನಿಂದ ಆಗಾಗ ಹಿಗ್ಗಿಸುವುದೇ ಮೊದಲ ಚಿಕಿತ್ಸೆ. ಅದು ಫಲಿಸದಿದ್ದಾಗ ಮಾತ್ರ ಸ್ಟೆಂಟ್, ಅದೂ ತೆಗೆಯಬಹುದಾದದ್ದು, ಕೆಲವು ವಾರಗಳಿಗಷ್ಟೇ.

ನಿಮ್ಮ ಅಪ್ಪನ ಸ್ಟೆಂಟ್ ಮುಂದೆ ಎಂದೋ ಒಂದು ದಿನ ಮತ್ತೆ ಕಟ್ಟಿಕೊಳ್ಳಬಹುದು. ಗಡ್ಡೆ ಅದರ ಮೇಲ್ತುದಿಯನ್ನೋ ಕೆಳತುದಿಯನ್ನೋ ದಾಟಿ ಬೆಳೆಯುತ್ತದೆ. ಆಗ ಮೊದಲನೆಯದನ್ನು ಕೀಳುವುದಿಲ್ಲ, ಅದರೊಳಗೇ ಇನ್ನೊಂದನ್ನು ತೂರಿಸಿ ದಾರಿಯನ್ನು ಮುಂದಕ್ಕೆ ಬೆಳೆಸುತ್ತಾರೆ. ಹಾಕಿದ ದಿನ ಸ್ಟೆಂಟಿನ ಹೆಸರು, ಉದ್ದ, ಅಗಲ ಬರೆದ ಕಾರ್ಡ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಇಸಿದುಕೊಳ್ಳಿ. ಎರಡನೆಯದನ್ನು ಹಾಕುವ ಡಾಕ್ಟರಿಗೆ ಆ ಅಳತೆ ಬೇಕು, ಎಂಆರ್‌ಐ ಮಾಡಿಸುವಾಗಲೂ ಅದನ್ನೇ ಕೇಳುತ್ತಾರೆ. ಈ ವಾರ ಡಾಕ್ಟರನ್ನು ನೋಡಲು ಹೋದಾಗ ಇಷ್ಟು ಕೇಳಿ: ಹೊದಿಕೆ ಇರುವುದಾ ಇಲ್ಲದ್ದಾ, ಹೊಟ್ಟೆಯ ಬಾಗಿಲು ದಾಟಿ ಕೂರುತ್ತದಾ, ನೋವಿಗೆ ಏನು ಕೊಡುತ್ತೀರಿ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಈ ಮಾತುಕತೆ ನಡೆಯುವಾಗ ಅಪ್ಪನೂ ಜೊತೆಗಿರಲಿ. ಇನ್ನೂ ಒಂದು ವಾರ ಹಾಲು ಕುಡಿದು ನೋಡುತ್ತೇನೆ ಎಂದು ಅವರು ಹೇಳಿದರೆ ಅದಕ್ಕೂ ಅವಕಾಶ ಇದೆ, ನೀರು ಇಳಿಯುತ್ತಿರುವವರೆಗೆ. ನೀರೂ ನಿಂತರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.